ಪಾಠಕ್ಕೆ ಹಾಡು, ಸಿನಿಮಾ, ವಿಡಿಯೊ: ಕಾಪಿರೈಟ್ ತಕರಾರಿಲ್ಲದೆ ಬಳಸುವುದು ಹೇಗೆ?

ನಮ್ಮ ಕಡೆಯ ಶಾಲೆಗಳಲ್ಲಿ ಕಾಪಿರೈಟ್ ಭಯ ತಲೆಕೆಳಗಾಗಿದೆ. ಹೆದರಬೇಕಿಲ್ಲದ ಕಡೆ ಹೆದರುತ್ತೇವೆ. ಹುಷಾರಾಗಿರಬೇಕಾದ ಕಡೆ ಸುಮ್ನೆ ನುಗ್ಗಿಬಿಡುತ್ತೇವೆ. ಸ್ಮಾರ್ಟ್ ಕ್ಲಾಸಿನಲ್ಲಿ ಐದು ನಿಮಿಷದ ಸಾಕ್ಷ್ಯಚಿತ್ರ ತೋರಿಸುವುದಕ್ಕೆ ‘ಏನೂ ಕೇಸ್ ಆಗಲ್ವಾ ಸರ್?’ ಎಂದು ಕೇಳುವ ಮಾಸ್ತರೇ ಗ್ಯಾದರಿಂಗ್ (ಶಾಲೆಯ ವಾರ್ಷಿಕೋತ್ಸವ) ದಿನ ಮಕ್ಕಳು ಸಿನಿಮಾ ಹಾಡಿಗೆ ಕುಣಿದ ವಿಡಿಯೊವನ್ನು ಪೂರ್ತಿ ಹಾಡಿನ ಸಮೇತ ಅವತ್ತು ರಾತ್ರಿಯೇ ಯೂಟ್ಯೂಬಿಗೆ ಏರಿಸಿರುತ್ತಾರೆ. ಕಾನೂನು ತೆಗೆದು ನೋಡಿದರೆ ಮೊದಲನೆಯದಕ್ಕೆ ಧಾರಾಳವಾಗಿ ಅವಕಾಶ ಇದೆ. ಎರಡನೆಯದಕ್ಕೆ ಇಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದ ಮಾಸ್ತರು, ಅಕ್ಕೋರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಕಾನೂನು ದೇಶಕ್ಕೆಲ್ಲ ಒಂದೇ. ಆದರೆ ನಮ್ಮ ಪಾಠಕ್ಕೆ ಬರುವ ಸರಕು ನಮ್ಮದು: ದಾಸರ ಪದ, ತತ್ವಪದ, ಬಯಲಾಟ, ಬುರ್ರಕಥೆ, ತೊಗಲುಗೊಂಬೆ, ಮಸ್ಕಿಯ ಶಾಸನ, ಇಟಗಿಯ ಗುಡಿ. ತಕರಾರು ಹುಟ್ಟುವುದೂ ಅಲ್ಲೇ, ದಾರಿ ಸಿಗುವುದೂ ಅಲ್ಲೇ.

ಯಾವ ದೇಶದ ಕಾನೂನು?

ಇಂಟರ್ನೆಟ್ಟಿನಲ್ಲಿ ‘ಫೇರ್ ಯೂಸ್’ (ಅನುಮತಿ ಇಲ್ಲದೆಯೂ ನ್ಯಾಯವಾಗಿ ಬಳಸುವ ಅವಕಾಶ) ಅಂತ ಹುಡುಕಿದರೆ ಬರುವುದು ಜಾಸ್ತಿ ಅಮೆರಿಕದ ಮಾತು. ಅಲ್ಲಿನ ಕಾಪಿರೈಟ್ ಕಾನೂನಿನ 107ನೇ ಕಲಂ ನಾಲ್ಕು ವಿಷಯ ನೋಡುತ್ತದೆ: ಯಾವ ಉದ್ದೇಶಕ್ಕೆ ಬಳಸಿದಿರಿ, ಮೂಲ ಎಂಥದ್ದು, ಎಷ್ಟು ತೆಗೆದುಕೊಂಡಿರಿ, ಮೂಲದ ಮಾರಾಟಕ್ಕೆ ಏನು ಪೆಟ್ಟು ಬಿತ್ತು. ಓದಿಕೊಂಡರೆ ಒಳ್ಳೆಯದೇ. ಆದರೆ ಲಿಂಗಸುಗೂರಿನ ಕ್ಲಾಸ್‌ರೂಮಿಗೆ ಅನ್ವಯಿಸುವುದು ಭಾರತದ ಕೃತಿಸ್ವಾಮ್ಯ (ಅಂದರೆ ಕಾಪಿರೈಟ್) ಕಾಯ್ದೆ, 1957. ಅದರಲ್ಲೂ 52ನೇ ಕಲಂ. ಏನೇನು ಮಾಡಿದರೆ ಉಲ್ಲಂಘನೆ ಅಲ್ಲ ಎಂಬ ಪಟ್ಟಿ ಅಲ್ಲಿದೆ. ಅಮೆರಿಕದ ಕಾನೂನು ನಮಗೆ ತಾಗುವುದು ಯೂಟ್ಯೂಬ್ ಬಾಗಿಲಲ್ಲಿ. ಅದರ ದೂರು, ನೋಟಿಸ್ ವ್ಯವಸ್ಥೆ ನಿಂತಿರುವುದು ಅಲ್ಲಿನ 1998ರ ಡಿಎಂಸಿಎ ಎಂಬ ಡಿಜಿಟಲ್ ಕಾಪಿರೈಟ್ ಕಾಯ್ದೆಯ ಮೇಲೆ.

ಜೊತೆಗೆ ಮೂರು ಗಾಳಿಮಾತು ಬಿಟ್ಟುಬಿಡಿ. ‘30 ಸೆಕೆಂಡಿನೊಳಗಿದ್ದರೆ ಪರವಾಗಿಲ್ಲ’ ಅನ್ನುವುದು ಒಂದು. ಅಂಥ ಸೆಕೆಂಡಿನ ಲೆಕ್ಕ 52ನೇ ಕಲಮಿನಲ್ಲಿ ಇಲ್ಲ. ‘ಕ್ರೆಡಿಟ್ ಕೊಟ್ಟಿದ್ದೇನಲ್ಲ’ ಅನ್ನುವುದು ಇನ್ನೊಂದು. ಹೆಸರು ಹಾಕುವುದು ಮರ್ಯಾದೆ, ಅನುಮತಿ ಅಲ್ಲ. ‘ಇದು ಶಿಕ್ಷಣಕ್ಕಾಗಿ ಮಾತ್ರ’ ಎಂದು ವಿಡಿಯೊ ಕೆಳಗೆ ಬರೆದರೆ ಸಾಕು ಅನ್ನುವುದು ಮೂರನೆಯದು. ಅದು ಬರೀ ಸಾಲು. ನೀವು ನಿಜವಾಗಿ ಏನು ಮಾಡಿದಿರಿ ಅನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ.

ಹಂತ 1: ಯಾರು ನೋಡುತ್ತಾರೆ ಎಂದು ಮೊದಲು ಬರೆದುಕೊಳ್ಳಿ

ಹಾಡು ಯಾವುದು, ಎಷ್ಟು ನಿಮಿಷ ಎಂದು ಕೇಳುವ ಮುಂಚೆ ಇದನ್ನು ತೀರ್ಮಾನ ಮಾಡಿ. ನೋಡುವವರು ನಿಮ್ಮ ತರಗತಿಯ ಮಕ್ಕಳೇ? ಶಾಲೆಯ ಕಾರ್ಯಕ್ರಮಕ್ಕೆ ಬಂದ ಪೋಷಕರೇ? ಅಥವಾ ಫೋನ್ ಇರುವ ಯಾರಾದರೂ ನೋಡಬಹುದೇ? ಈ ಮೂರು ಬೇರೆ ಬೇರೆ ಲೋಕ. ಮೊದಲನೆಯದಕ್ಕೆ ಕಾನೂನು ತುಂಬ ಉದಾರ. ಎರಡನೆಯದಕ್ಕೆ ಅಳತೆ ಇಟ್ಟು ಉದಾರ. ಮೂರನೆಯ ಕಡೆ ನೀವು ಮಾಸ್ತರು ಅನ್ನುವುದಕ್ಕೆ ಅಷ್ಟೇನೂ ಬೆಲೆ ಇಲ್ಲ. ಅಲ್ಲಿ ನೀವು ಪ್ರಕಾಶಕರು.

ಹಂತ 2: ಒಂದೇ ಹಾಡಿಗೆ ಎಷ್ಟು ಮಾಲೀಕರು ನೋಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಎಲ್ಲರೂ ಎಡವುವ ಜಾಗ ಇದು.

ಮಾನ್ವಿಯ ಜಗನ್ನಾಥದಾಸರ ಒಂದು ಕೀರ್ತನೆ ತೆಗೆದುಕೊಳ್ಳಿ. ದಾಸರು 18ನೇ ಶತಮಾನದವರು. ಅವರ ಸಾಹಿತ್ಯದ ಮೇಲೆ ಈಗ ಯಾರ ಹಕ್ಕೂ ಇಲ್ಲ. ನಿಮ್ಮ ಮಕ್ಕಳು ಹಾಡಬಹುದು, ಅಚ್ಚು ಹಾಕಬಹುದು, ಗೋಡೆ ಮೇಲೆ ಬರೆಯಬಹುದು. ಆದರೆ ನೀವು ಯೂಟ್ಯೂಬಿನಲ್ಲಿ ಕೇಳುವುದು ಬರೀ ಸಾಹಿತ್ಯ ಅಲ್ಲ. ಯಾರೋ ಹೊಸದಾಗಿ ಮಟ್ಟು ಹಾಕಿದ್ದಾರೆ. ಇನ್ಯಾರೋ ಹಾಡಿದ್ದಾರೆ. ಒಂದು ಕಂಪನಿ ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದೆ. ಅದಕ್ಕೆ ಗುಡಿಯ ಚಿತ್ರ ಸೇರಿಸಿ ವಿಡಿಯೊ ಮಾಡಿದವರು ಬೇರೆ. ಪಹಣಿಯಲ್ಲಿ ನಾಲ್ಕೈದು ಜನರ ಹೆಸರಿರುವ ಹೊಲ ಇದ್ದ ಹಾಗೆ. ಒಬ್ಬರು ಸಹಿ ಹಾಕಿದರೆ ರಿಜಿಸ್ಟ್ರಿ ಆಗುವುದಿಲ್ಲ. ‘ದಾಸರ ಪದ ತಾನೇ, ಅದಕ್ಕೇನು ಕಾಪಿರೈಟ್’ ಎಂದು ಆಡಿಯೊ ಎತ್ತಿ ಹಾಕಿದವರಿಗೆ ನೋಟಿಸ್ ಬರುವುದು ಇದಕ್ಕೇ.

ಎಷ್ಟು ವರ್ಷ ಅನ್ನುವ ಲೆಕ್ಕ ಹೀಗಿದೆ. ಸಾಹಿತ್ಯಕ್ಕೆ ಮತ್ತು ಸಂಗೀತಕ್ಕೆ, ಬರೆದವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ ಎಣಿಸಿ 60 ವರ್ಷ. ಬಿ.ಎಂ. ಶ್ರೀಕಂಠಯ್ಯನವರು ತೀರಿಕೊಂಡದ್ದು 1946ರಲ್ಲಿ. ಅವರ ಬರಹ 2006ರ ಕೊನೆಗೆ ಮುಕ್ತವಾಯಿತು. ಬೇಂದ್ರೆಯವರು 1981ರಲ್ಲಿ ಹೋದರು. ಅವರ ಕವಿತೆಗೆ 2041ರ ಕೊನೆಯವರೆಗೂ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054. ಸಿನಿಮಾಕ್ಕೆ ಮತ್ತು ಧ್ವನಿಮುದ್ರಣಕ್ಕೆ ಆ ಲೆಕ್ಕ ಬೇರೆ: ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1964ರಲ್ಲಿ ಬಂದ ಸಿನಿಮಾದ ಅವಧಿ 2024ರ ಕೊನೆಗೆ ಮುಗಿದಿದೆ. ಆದರೆ ಅದರೊಳಗಿನ ಹಾಡು ಬರೆದ ಕವಿ 1990ರಲ್ಲಿ ತೀರಿಕೊಂಡಿದ್ದರೆ ಆ ಹಾಡಿನ ಸಾಹಿತ್ಯ ಇನ್ನೂ ಮುಕ್ತವಲ್ಲ. ಹಾಡುಗಾರರು, ನಟರು, ವಾದ್ಯದವರ ಹಕ್ಕು 50 ವರ್ಷ. ಟಿವಿ, ರೇಡಿಯೊ ಪ್ರಸಾರ ಮಾಡಿದವರ ಹಕ್ಕು 25 ವರ್ಷ.

ಒಂದು ಸಮಾಧಾನ ಏನೆಂದರೆ, ತರಗತಿಯ ಒಳಗಿನ ಬಳಕೆಗೆ ಇಷ್ಟೆಲ್ಲ ಲೆಕ್ಕ ಬೇಕಾಗುವುದಿಲ್ಲ.

ಹಂತ 3: ಕ್ಲಾಸಿನಲ್ಲಿ ಧೈರ್ಯವಾಗಿ ಬಳಸಿ

52(1)ರ ‘ಐ’ ಉಪಕಲಂ ಹೇಳುವುದು ಇಷ್ಟು: ಪಾಠದ ಅಂಗವಾಗಿ ಶಿಕ್ಷಕರಾಗಲಿ ವಿದ್ಯಾರ್ಥಿಗಳಾಗಲಿ ‘ಯಾವುದೇ ಕೃತಿ’ಯನ್ನು ನಕಲು ಮಾಡಿದರೆ ಉಲ್ಲಂಘನೆ ಅಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬಳಸಿದರೂ ಅಲ್ಲ, ಉತ್ತರದಲ್ಲಿ ಬರೆದರೂ ಅಲ್ಲ. ಯಾವುದೇ ಕೃತಿ ಅಂದರೆ ಪುಸ್ತಕ ಮಾತ್ರ ಅಲ್ಲ, ಹಾಡು, ಸಿನಿಮಾ ಎಲ್ಲವೂ ಬಂತು.

‘ಜೆ’ ಉಪಕಲಂ ಪ್ರದರ್ಶನದ ಬಗ್ಗೆ. ಶಾಲೆಯ ಚಟುವಟಿಕೆಯ ಅಂಗವಾಗಿ ಸಿನಿಮಾ ತೋರಿಸಬಹುದು, ರೆಕಾರ್ಡ್ ಆದ ಹಾಡು ಕೇಳಿಸಬಹುದು. ಷರತ್ತು ಒಂದೇ: ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು, ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು.

ಎಷ್ಟು ನಕಲು ಮಾಡಬಹುದು? ಇದಕ್ಕೆ ದೆಹಲಿ ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಒಳ್ಳೆಯ ಉತ್ತರ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಎಂಬ ಜೆರಾಕ್ಸ್ ಅಂಗಡಿ ಪಠ್ಯಕ್ರಮದ ಪುಟಗಳನ್ನು ಕಟ್ಟು ಮಾಡಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್ ಸೇರಿದಂತೆ ದೊಡ್ಡ ಪ್ರಕಾಶಕರು ಕೇಸ್ ಹಾಕಿದರು. ವಿಭಾಗೀಯ ಪೀಠ ಹೇಳಿದ್ದರ ತಿರುಳು: ‘ಪಾಠದ ಅಂಗ’ ಅಂದರೆ ಗಂಟೆ ಹೊಡೆದಾಗಿನಿಂದ ಗಂಟೆ ಹೊಡೆಯುವವರೆಗೆ ಮಾತ್ರ ಅಲ್ಲ, ಬೋಧನೆಯ ಇಡೀ ಅವಧಿ. ಮತ್ತು ಇಷ್ಟೇ ಪುಟ, ಇಷ್ಟೇ ಶೇಕಡಾ ಎಂಬ ಮಿತಿ ಇಲ್ಲ. ಪಾಠದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು. ಆ ಕೇಸು ಪುಸ್ತಕದ್ದು. ಆದರೆ ಉಪಕಲಂ ಎಲ್ಲ ಕೃತಿಗೂ ಒಂದೇ ಆದ್ದರಿಂದ ಆಡಿಯೊ, ವಿಡಿಯೊಗೂ ಇದೇ ಅಳತೆ ಇಟ್ಟುಕೊಳ್ಳುವುದು ಸರಿ.

ಹಾಗಂತ ಅಳತೆ ಇಲ್ಲವೇ ಇಲ್ಲ ಅಂತಲ್ಲ. ಎಂಟನೇ ತರಗತಿಗೆ ಮೌರ್ಯರ ಪಾಠ ಮಾಡುತ್ತಿದ್ದೀರಿ ಅಂದುಕೊಳ್ಳಿ. ಮಸ್ಕಿಯ ಶಾಸನ ಸಿಕ್ಕಿದ್ದು 1915ರಲ್ಲಿ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಗಟ್ಟಿ ಮಾಡಿದ ಶಾಸನ ಅದು. ಅದರ ಬಗ್ಗೆ ಒಂದು ಗಂಟೆಯ ಸಾಕ್ಷ್ಯಚಿತ್ರ ಇದ್ದು, ಬಂಡೆ ಮೇಲಿನ ಅಕ್ಷರ ತೋರಿಸುವ ಭಾಗ ನಾಲ್ಕು ನಿಮಿಷ ಇದ್ದರೆ, ಆ ನಾಲ್ಕು ನಿಮಿಷವನ್ನೇ ಬಳಸಿ. ಮಕ್ಕಳಿಗೂ ಅಷ್ಟೇ ಸಾಕು. ಶನಿವಾರ ಬೆಳಗಿನ ಕ್ಲಾಸಿನಲ್ಲಿ ಹೊತ್ತು ಹೋಗಲಿ ಎಂದು ಹಾಕುವ ಮೂರು ಗಂಟೆಯ ಹೊಸ ಸಿನಿಮಾವನ್ನು ಪಾಠ ಎಂದು ಸಮರ್ಥಿಸುವುದು ಕಷ್ಟ. ಪಾಠಯೋಜನೆಯಲ್ಲಿ ಆ ವಿಡಿಯೊದ ಹೆಸರು, ಯಾವ ಕಲಿಕಾಫಲಕ್ಕೆ ಎಂದು ಒಂದು ಸಾಲು ಬರೆದಿಡಿ. ನಾಳೆ ಯಾರಾದರೂ ಕೇಳಿದರೆ ನಿಮ್ಮ ಉತ್ತರ ಅಲ್ಲೇ ಇರುತ್ತದೆ.

ಡೌನ್‌ಲೋಡ್ ವಿಷಯ ಸ್ವಲ್ಪ ತೊಡಕಿನದು. ಕಾಯ್ದೆ ಒಂದು ಕಡೆ ನಕಲಿಗೆ ಅವಕಾಶ ಕೊಟ್ಟರೂ, ಯೂಟ್ಯೂಬ್ ತನ್ನ ನಿಯಮಗಳಲ್ಲಿ ತಾನೇ ಕೊಟ್ಟ ಸೌಲಭ್ಯ ಬಿಟ್ಟು ಬೇರೆ ದಾರಿಯಿಂದ ಇಳಿಸಿಕೊಳ್ಳಬಾರದು ಎನ್ನುತ್ತದೆ. ಅದು ನೀವು ಅದರ ಜೊತೆ ಮಾಡಿಕೊಂಡ ಒಪ್ಪಂದ. ಆದರೆ ದೇವದುರ್ಗದ ಒಳಹಳ್ಳಿಯಲ್ಲಿ ನೆಟ್ ಬರುವುದೇ ಅನುಮಾನ, ಬಂದಾಗ ಕರೆಂಟ್ ಇರುವುದಿಲ್ಲ. ಅಂಥ ಕಡೆ ನಾನು ಹೇಳುವುದು ಹೀಗೆ: ಮೊದಲು ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪಿನಲ್ಲಿ ಹುಡುಕಿ, ಅಲ್ಲಿ ಆಫ್‌ಲೈನ್ ಇಳಿಸಿಕೊಳ್ಳಲು ಅವಕಾಶ ಇದೆ. ಸಿಗದಿದ್ದರೆ ಯೂಟ್ಯೂಬ್ ಆ್ಯಪಿನ ಆಫ್‌ಲೈನ್ ಸೌಲಭ್ಯ ನೋಡಿ. ಅದೂ ಆಗದಿದ್ದರೆ ವಿಡಿಯೊ ಮಾಡಿದವರಿಗೆ ನಾಲ್ಕು ಸಾಲು ಬರೆದು ಫೈಲ್ ಕೇಳಿ. ಸಣ್ಣ ಚಾನೆಲಿನವರು ‘ಸರ್ಕಾರಿ ಶಾಲೆ’ ಅಂದರೆ ಖುಷಿಯಿಂದ ಕಳಿಸುತ್ತಾರೆ. ಒಟಿಟಿ ಖಾತೆಗಳ ಕಥೆಯೂ ಇಷ್ಟೇ. ಮನೆಯ ಚಂದಾದ ನಿಯಮದಲ್ಲಿ ಸಾಮಾನ್ಯವಾಗಿ ಸ್ವಂತ ಬಳಕೆ ಎಂದಿರುತ್ತದೆ, ಓದಿ ನೋಡಿ.

ಇಂಗ್ಲಿಷ್ ವಿಜ್ಞಾನ ವಿಡಿಯೊವನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ತೋರಿಸುವಾಗ ದನಿ ಮ್ಯೂಟ್ ಮಾಡಿ, ಪಕ್ಕದಲ್ಲಿ ನಿಂತು ನೀವೇ ಕನ್ನಡದಲ್ಲಿ ವಿವರಿಸಿ. ಎಷ್ಟೋ ಸಲ ಮೂಲಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಅದನ್ನೇ ಡಬ್ ಮಾಡಿ ಅಪ್‌ಲೋಡ್ ಮಾಡಿದರೆ ಮಾತ್ರ ಅದು ಹೊಸ ಬಳಕೆ. ಅನುಮತಿ ಬೇಕು.

ಕಿವಿ ಕೇಳದ, ಕಣ್ಣು ಕಾಣದ ಮಕ್ಕಳಿದ್ದರೆ ಇನ್ನೊಂದು ಬಾಗಿಲು ತೆರೆದಿದೆ. 2012ರ ತಿದ್ದುಪಡಿಯಲ್ಲಿ ಬಂದ ‘ಝಡ್‌ಬಿ’ ಉಪಕಲಂ ಪ್ರಕಾರ ಅಂಗವಿಕಲರಿಗೆ ತಲುಪುವ ರೂಪಕ್ಕೆ ಕೃತಿಯನ್ನು ಬದಲಿಸಬಹುದು. ಕ್ಯಾಪ್ಶನ್ ಹಾಕಿ, ಪಾಠವನ್ನು ಓದಿ ಆಡಿಯೊ ಮಾಡಿ. ಲಾಭ ಮಾಡಬಾರದು, ಆ ಮಕ್ಕಳನ್ನು ಬಿಟ್ಟು ಬೇರೆಯವರ ಪೇಟೆಗೆ ಹೋಗಬಾರದು, ಅಷ್ಟೇ.

ಹಂತ 4: ವಾಟ್ಸಾಪ್ ಗುಂಪು, ಪೆನ್ ಡ್ರೈವ್

ತರಗತಿಯ ಗುಂಪಿಗೆ ವಿಡಿಯೊ ಕಳಿಸಬೇಕಾದರೆ ಫೈಲ್ ಬದಲು ಲಿಂಕ್ ಕಳಿಸಿ. ಮೂಲ ಅಲ್ಲೇ ಇರುತ್ತದೆ, ನಕಲು ಹುಟ್ಟುವುದಿಲ್ಲ, ಮಕ್ಕಳ ಫೋನೂ ತುಂಬುವುದಿಲ್ಲ. ಆ ಲಿಂಕ್ ಕೂಡ ಅಧಿಕೃತ ಚಾನೆಲಿನದ್ದಾಗಿರಲಿ. ಯಾರೋ ಕದ್ದು ಹಾಕಿದ ಸಿನಿಮಾದ ಲಿಂಕ್ ಹಂಚಬೇಡಿ. ನೀವೇ ಕತ್ತರಿಸಿದ ತುಣುಕು ಕಳಿಸಲೇಬೇಕಾದರೆ ಆ ಗುಂಪಿನಲ್ಲಿ ನಿಮ್ಮ ತರಗತಿಯ ಮಕ್ಕಳು ಮಾತ್ರ ಇರಲಿ, ಪಾಠ ಮುಗಿದ ಮೇಲೆ ಅಳಿಸಿ.

ನನಗೆ ಜಾಸ್ತಿ ಚಿಂತೆ ಕ್ಲಸ್ಟರ್ ಸಮಾಲೋಚನಾ ಸಭೆಯ ಪೆನ್ ಡ್ರೈವ್ ಬಗ್ಗೆ. ಊಟದ ಹೊತ್ತಿಗೆ ಒಂದು ಪೆನ್ ಡ್ರೈವ್ ಲ್ಯಾಪ್‌ಟಾಪಿನಿಂದ ಲ್ಯಾಪ್‌ಟಾಪಿಗೆ ಹೋಗಿ, ಸಂಜೆಗೆ 40 ಜಿಬಿ ವಿಡಿಯೊ ಇಪ್ಪತ್ತು ಶಾಲೆಗೆ ಸೇರಿರುತ್ತದೆ. ಅದರಲ್ಲಿ ಯಾವುದೋ ಕಂಪನಿ ದುಡ್ಡಿಗೆ ಮಾರುವ ಪಾಠದ ಪ್ಯಾಕ್ ಕೂಡ ಇರುತ್ತದೆ. ಶಿಕ್ಷಕರೊಬ್ಬರು ತನ್ನ ಪಾಠಕ್ಕೆ ತುಣುಕು ನಕಲು ಮಾಡುವುದು ಬೇರೆ, ಮಾರಾಟದ ಸರಕನ್ನು ಸಗಟಾಗಿ ಹಂಚುವುದು ಬೇರೆ. ಎರಡನೆಯದಕ್ಕೆ ‘ಐ’ ಉಪಕಲಮಿನ ನೆರಳು ಸಿಗುತ್ತದೆ ಎಂದು ನಂಬಬೇಡಿ. ರೆಕಾರ್ಡ್ ಮಾಡಿದ ಪಾಠಗಳನ್ನು ದುಡ್ಡಿಗೆ ಮಾರುವ ಕೋಚಿಂಗ್ ಸೆಂಟರಿನವರು ಅಂತೂ ಇದನ್ನು ನೆಚ್ಚಿಕೊಳ್ಳಲೇಬಾರದು. ಲೈಸೆನ್ಸ್ ತೆಗೆದುಕೊಳ್ಳಿ, ಇಲ್ಲವೇ ಸ್ವಂತದ್ದು ಮಾಡಿ.

ಹಂತ 5: ಗ್ಯಾದರಿಂಗ್

ಡಾನ್ಸಿಗೆ ಸಿನಿಮಾ ಹಾಡು ಹಾಕುವುದಕ್ಕೆ ‘ಜೆ’ ಉಪಕಲಂ ಇದೆ. ಮಕ್ಕಳು, ಸಿಬ್ಬಂದಿ, ಪೋಷಕರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಇದ್ದರೆ ಹಾಡಿಸಿ, ಕುಣಿಸಿ. ನಮ್ಮ ಹಳ್ಳಿಗಳಲ್ಲಿ ಗ್ಯಾದರಿಂಗ್ ಅಂದರೆ ಇಡೀ ಊರೇ ಬಂದು ಕೂರುತ್ತದೆ, ಅದೂ ನಿಜ. ಊರವರಲ್ಲಿ ಹೆಚ್ಚಿನವರು ಯಾವುದಾದರೂ ಮಗುವಿನ ಅಜ್ಜ, ಚಿಕ್ಕಪ್ಪ ಆಗಿರುತ್ತಾರೆ ಅನ್ನುವುದು ಬೇರೆ ಮಾತು. ಆದರೂ ಆಮಂತ್ರಣ ಪತ್ರಿಕೆಯಲ್ಲಿ ‘ಪೋಷಕರಿಗೆ ಆದರದ ಸ್ವಾಗತ’ ಎಂದಿರಲಿ. ಟಿಕೆಟ್ ಇಡಬೇಡಿ. ಪಟ್ಟಣದ ದೊಡ್ಡ ಖಾಸಗಿ ಶಾಲೆ ಬಯಲು ಮೈದಾನದಲ್ಲಿ ಪ್ರಾಯೋಜಕರ ಬ್ಯಾನರ್ ಕಟ್ಟಿ, ಎಲ್ಲರಿಗೂ ಬಾಗಿಲು ತೆರೆದು ಕಾರ್ಯಕ್ರಮ ಮಾಡಿದರೆ ಅದು ಈ ವಿನಾಯಿತಿಯಿಂದ ಆಚೆ ಹೋಗುತ್ತದೆ. ಆಗ ಐಪಿಆರ್‌ಎಸ್, ಪಿಪಿಎಲ್‌ನಂಥ ಹಕ್ಕುದಾರರ ಸಂಸ್ಥೆಗಳಿಂದ ಲೈಸೆನ್ಸ್ ಪಡೆಯುವ ಮಾತು ಬರುತ್ತದೆ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭಕ್ಕೆ, ಉದಾಹರಣೆಗೆ ತಾಲ್ಲೂಕು ಆಡಳಿತ ನಡೆಸುವ ಆಗಸ್ಟ್ 15ಕ್ಕೆ, ‘ಝಡ್‌ಎ’ ಎಂಬ ಬೇರೆ ವಿನಾಯಿತಿ ಇದೆ.

ಈ ವಿನಾಯಿತಿಗಳೆಲ್ಲ ವೇದಿಕೆಗೆ. ಅದೇ ಡಾನ್ಸನ್ನು ಫೇಸ್‌ಬುಕ್ ಲೈವ್ ಮಾಡಿದ ಕೂಡಲೇ ನೋಡುವವರು ಪೋಷಕರು ಮಾತ್ರ ಅಲ್ಲ. ಹಾಡು ಬೇಡದ ಭಾಗಗಳನ್ನು, ಅಂದರೆ ನಾಟಕ, ಭಾಷಣ, ಬಹುಮಾನ ವಿತರಣೆಯನ್ನು ಹಾಕಿ. ಡಾನ್ಸ್ ಹಾಕಲೇಬೇಕೆಂದರೆ ಮಕ್ಕಳೇ ಹಾಡಿದ ಜನಪದ ಹಾಡಿಗೆ, ಅಥವಾ ಊರಿನ ಡೊಳ್ಳು, ಹಲಗೆಗೆ ಕುಣಿದದ್ದನ್ನು ಹಾಕಿ. ಪೋಷಕರಿಗೆ ಪೂರ್ತಿ ವಿಡಿಯೊ ಬೇಕಿದ್ದರೆ ಅವರ ಗುಂಪಿನ ಒಳಗೇ ಕೊಡಿ, ಹೊರಗೆ ಹಾಕಬೇಡಿ ಎಂದು ಹೇಳಿ. ಮಕ್ಕಳ ಮುಖ ಇರುವ ಯಾವ ವಿಡಿಯೊಗೂ ಪೋಷಕರ ಒಪ್ಪಿಗೆ ಬೇಕು. ಅದು ಕಾಪಿರೈಟ್ ವಿಷಯ ಅಲ್ಲ, ಆದರೆ ಅಷ್ಟೇ ಮುಖ್ಯ.

ಹಂತ 6: ಯೂಟ್ಯೂಬಿಗೆ ಪಾಠ ಹಾಕುವಾಗ

ಇಲ್ಲಿ ‘ಐ’, ‘ಜೆ’ ಎರಡನ್ನೂ ಮನೆಯಲ್ಲಿಟ್ಟು ಬನ್ನಿ. ಉಳಿಯುವುದು 52(1)ರ ‘ಎ’: ವಿಮರ್ಶೆ, ಪರಾಮರ್ಶೆಗಾಗಿ ನ್ಯಾಯವಾದ ಬಳಕೆ. ಸಿನಿಮಾದ ಒಂದು ದೃಶ್ಯ ತೋರಿಸಿ, ನಿಲ್ಲಿಸಿ, ಅದರ ಸಂಭಾಷಣೆ ಹೇಗೆ ಕಟ್ಟಿದೆ ಎಂದು ಬಿಡಿಸಿ ಹೇಳುತ್ತೀರಾ? ಅದು ವಿಮರ್ಶೆ. ದೃಶ್ಯ ಪೂರ್ತಿ ಓಡಿಸಿ ಕೊನೆಗೆ ‘ಎಷ್ಟು ಚೆನ್ನಾಗಿದೆ ನೋಡಿದಿರಾ’ ಎಂದರೆ ಅಲ್ಲ. 1996ರಲ್ಲಿ ಕೇರಳ ಹೈಕೋರ್ಟ್ ಒಂದು ನಾಟಕದ ಪ್ರಕರಣದಲ್ಲಿ ಮೂರು ಅಳತೆ ಇಟ್ಟಿತ್ತು: ನಿಮ್ಮ ಮಾತಿಗೆ ಹೋಲಿಸಿದರೆ ಎಷ್ಟು, ಎಂಥ ಭಾಗ ತೆಗೆದುಕೊಂಡಿರಿ, ಉದ್ದೇಶ ಏನು, ನಿಮ್ಮದು ಮೂಲದ ಜೊತೆ ಪೈಪೋಟಿಗೆ ಇಳಿಯುತ್ತದೆಯೇ. ಈ ಮೂರನ್ನು ಎಡಿಟಿಂಗ್ ಮಾಡುವಾಗಲೇ ಕೇಳಿಕೊಳ್ಳಿ.

ಹಿನ್ನೆಲೆ ಸಂಗೀತಕ್ಕೆ ಸಿನಿಮಾ ಟ್ಯೂನ್ ಬೇಡವೇ ಬೇಡ. ಯೂಟ್ಯೂಬ್ ಸ್ಟುಡಿಯೊ ಒಳಗೇ ಆಡಿಯೊ ಲೈಬ್ರರಿ ಇದೆ, ಪುಕ್ಕಟೆ. ಪಾಠ ರೆಕಾರ್ಡ್ ಮಾಡುವಾಗ ಪಕ್ಕದ ಗುಡಿಯ ಮೈಕಿನಲ್ಲಿ ಕ್ಯಾಸೆಟ್ ಭಕ್ತಿಗೀತೆ ಹತ್ತಿದ್ದರೆ ನಿಲ್ಲಿಸಿ ಕಾಯಿರಿ. ಕಂಪ್ಯೂಟರ್ ಅದನ್ನೂ ಗುರುತು ಹಿಡಿಯುತ್ತದೆ.

ಏರಿಸುವಾಗ ‘ಪ್ರೈವೇಟ್’ ಆಗಿ ಏರಿಸಿ. ಯೂಟ್ಯೂಬಿನ ತಪಾಸಣೆ ಮುಗಿಯುವವರೆಗೆ ತಡೆಯಿರಿ. ಏನಾದರೂ ತಾಗಿದರೆ ಎರಡು ಬಗೆಯ ಸುದ್ದಿ ಬರಬಹುದು, ಗಾಬರಿಯಾಗದೆ ಯಾವುದು ಎಂದು ನೋಡಿ.

ಒಂದು, ಕಂಟೆಂಟ್ ಐಡಿ ಕ್ಲೈಮ್. ಕಂಪ್ಯೂಟರ್ ತಾನಾಗಿ ಹಾಡು ಗುರುತಿಸಿದ್ದು. ಸಾಮಾನ್ಯವಾಗಿ ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೊ ತಡೆಯುತ್ತಾರೆ. ಚಾನೆಲಿಗೆ ಅಪಾಯ ಇಲ್ಲ. ಸ್ಟುಡಿಯೊದಲ್ಲೇ ಆ ಭಾಗ ಕತ್ತರಿಸಬಹುದು, ಹಾಡು ಮ್ಯೂಟ್ ಮಾಡಬಹುದು, ಬೇರೆ ಹಾಡು ಕೂರಿಸಬಹುದು. ನಿಮ್ಮದು ನಿಜವಾದ ವಿಮರ್ಶೆ ಆಗಿದ್ದರೆ, ಅಥವಾ ಹಾಡಿದ್ದು ನಿಮ್ಮ ಮಕ್ಕಳೇ ಆಗಿ ಸಾಹಿತ್ಯ ದಾಸರದ್ದಾಗಿದ್ದರೆ ತಕರಾರು ಸಲ್ಲಿಸಿ. ಉತ್ತರಿಸಲು ಅವರಿಗೆ 30 ದಿನ.

ಎರಡು, ಕಾಪಿರೈಟ್ ಸ್ಟ್ರೈಕ್. ಹಕ್ಕುದಾರರು ಕಾನೂನು ಪ್ರಕಾರ ದೂರು ಕೊಟ್ಟು ವಿಡಿಯೊ ತೆಗೆಸಿದ್ದು. ಇದು ಗಂಭೀರ. 90 ದಿನದಲ್ಲಿ ಮೂರು ಸ್ಟ್ರೈಕ್ ಆದರೆ ಚಾನೆಲೇ ಹೋಗಬಹುದು, ಅದರೊಳಗೆ ಹಾಕಿದ ಹಳೆಯ ಪಾಠಗಳೂ ಹೋಗುತ್ತವೆ. ಯೂಟ್ಯೂಬಿನ ‘ಕಾಪಿರೈಟ್ ಸ್ಕೂಲ್’ ಎಂಬ ಕಿರುಪಾಠ ಮುಗಿಸಿ 90 ದಿನ ಕಾಯಬಹುದು, ದೂರುದಾರರಿಗೆ ಬರೆದು ವಾಪಸ್ ಪಡೆಯಲು ಕೇಳಬಹುದು, ಅಥವಾ ಪ್ರತಿನೋಟಿಸ್ ಕೊಡಬಹುದು. ಪ್ರತಿನೋಟಿಸ್ ಕಾನೂನಿನ ಹೇಳಿಕೆ. ಹೆಸರು, ವಿಳಾಸ ದೂರುದಾರರಿಗೆ ಹೋಗುತ್ತದೆ. ವಕೀಲರನ್ನು ಕೇಳದೆ ಹಾಕಬೇಡಿ.

ಜೈಲು, ದಂಡ? 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ ಎರಡು ಲಕ್ಷದವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕೆ ಮಾಡಿದ್ದಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಕಡಿಮೆ ಶಿಕ್ಷೆ ಕೊಡಬಹುದು.

ಹಂತ 7: ಯಾರನ್ನೂ ಕೇಳದೆ ಬಳಸಬಹುದಾದ ಸರಕು ಹುಡುಕಿ

ಕ್ರಿಯೇಟಿವ್ ಕಾಮನ್ಸ್ ಅಂದರೆ ಮಾಡಿದವರು ಮುಂಚೆಯೇ ಬರೆದುಕೊಟ್ಟ ಅನುಮತಿ. ‘ಬೈ’ ಎಂದರೆ ಹೆಸರು ಹೇಳಿ ಬಳಸಿ. ‘ಎಸ್‌ಎ’ ಎಂದರೆ ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಿ. ‘ಎನ್‌ಸಿ’ ಎಂದರೆ ದುಡ್ಡು ಮಾಡಬೇಡಿ. ಚಾನೆಲಿನಲ್ಲಿ ಜಾಹೀರಾತು ಬರುತ್ತಿದ್ದರೆ ಎನ್‌ಸಿ ಸರಕಿನಿಂದ ದೂರ ಇರಿ. ‘ಎನ್‌ಡಿ’ ಎಂದರೆ ಬದಲಿಸಬೇಡಿ, ಹಾಗಾಗಿ ಕನ್ನಡಕ್ಕೆ ಡಬ್ ಮಾಡುವವರಿಗೆ ಇದು ಉಪಯೋಗ ಇಲ್ಲ.

ಎಲ್ಲಿ ಸಿಗುತ್ತದೆ? ಕೇಂದ್ರದ ದೀಕ್ಷಾ, ಕಾಲೇಜಿನವರಿಗೆ ಐಐಟಿಗಳ ಎನ್‌ಪಿಟಿಇಎಲ್ ಪಾಠಗಳು, ಚಿತ್ರ-ಧ್ವನಿಗೆ ವಿಕಿಮೀಡಿಯ ಕಾಮನ್ಸ್. ಯೂಟ್ಯೂಬಿನಲ್ಲಿ ಹುಡುಕಿದ ಮೇಲೆ ಫಿಲ್ಟರಿನಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಒತ್ತಿ. ಆದರೂ ಒಂದು ಸಲ ಕಣ್ಣಾಡಿಸಿ. ಹೊಸ ಸಿನಿಮಾದ ಹಾಡು ಹಾಕಿ ಸಿಸಿ ಎಂದು ಗುರುತು ಮಾಡಿದವರೂ ಇರುತ್ತಾರೆ. ತನ್ನದಲ್ಲದ್ದನ್ನು ದಾನ ಮಾಡಲು ಯಾರಿಗೂ ಆಗುವುದಿಲ್ಲ, ಅಲ್ವಾ?

ನಾಸಾದ ವಿಡಿಯೊಗಳು ಬಹುಪಾಲು ಮುಕ್ತ, ಅಮೆರಿಕ ಸರ್ಕಾರದ ಕೃತಿಗಳಿಗೆ ಅಲ್ಲಿ ಕಾಪಿರೈಟ್ ಇಲ್ಲ. ಒಳಗೆ ಬೇರೆಯವರ ಸಂಗೀತ ಇದ್ದರೆ ಮಾತ್ರ ಎಚ್ಚರ. ಅದನ್ನು ನೋಡಿ ‘ದೂರದರ್ಶನದ್ದೂ ಸರ್ಕಾರದ್ದೇ ತಾನೇ’ ಅನ್ನಬೇಡಿ. ನಮ್ಮಲ್ಲಿ ಸರ್ಕಾರಿ ಕೃತಿಗೂ 60 ವರ್ಷ ಹಕ್ಕು ಇದೆ.

ಹೆಸರು ಹಾಕುವ ಸಾಲು ಹೀಗಿರಲಿ: ಚಿತ್ರದ ಹೆಸರು, ತೆಗೆದವರ ಹೆಸರು, ಎಲ್ಲಿಂದ ತೆಗೆದುಕೊಂಡದ್ದು, ಯಾವ ಲೈಸೆನ್ಸ್, ನೀವೇನು ಬದಲಿಸಿದಿರಿ. ‘ಚಿತ್ರಕೃಪೆ: ಗೂಗಲ್’ ಎಂದು ಬರೆಯುವುದನ್ನು ಇವತ್ತೇ ಬಿಡಿ. ಆ ಚಿತ್ರ ತೆಗೆದದ್ದು ಗೂಗಲ್ ಅಲ್ಲ.

ಇನ್ನು ಎಲ್ಲಕ್ಕಿಂತ ಒಳ್ಳೆಯ ದಾರಿ ನಿಮ್ಮ ಮೊಬೈಲು. ಇಟಗಿಯ ಮಹಾದೇವ ದೇವಾಲಯ, ರಾಯಚೂರಿನ ಕೋಟೆ, ಕೊಪ್ಪಳದ ಗವಿಮಠದ ಬಳಿಯ ಅಶೋಕನ ಶಾಸನ, ಇವುಗಳ ಮೇಲೆ ಯಾರ ಕಾಪಿರೈಟೂ ಇಲ್ಲ. ಬೇರೆಯವರು ತೆಗೆದ ಫೋಟೊ ಮೇಲೆ ಇದೆ. ನೀವೇ ತೆಗೆದರೆ ಫೋಟೊ ನಿಮ್ಮದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ವಿಡಿಯೊಗೆ ಅದರದೇ ನಿಯಮ ಇರುತ್ತದೆ, ಬಾಗಿಲಲ್ಲಿ ಕೇಳಿಕೊಳ್ಳಿ.

ಹಂತ 8: ಊರಿನ ಕಲಾವಿದರನ್ನು ರೆಕಾರ್ಡ್ ಮಾಡುವಾಗ

ದರೋಜಿಯ ಈರಮ್ಮನವರ ಬುರ್ರಕಥೆ, ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ಹುಟ್ಟಿ ಬೆಳೆದ ಸೀಮೆ ನಮ್ಮದು. ಅಂಥವರು ಶಾಲೆಗೆ ಬಂದಾಗ ನಾವು ಮಾಡುವ ಮೊದಲ ಕೆಲಸ ಮೊಬೈಲ್ ಎತ್ತಿ ಹಿಡಿಯುವುದು. ಕಥೆ ಹಳೆಯದಿರಬಹುದು, ಯಾರದ್ದೂ ಅಲ್ಲದಿರಬಹುದು. ಆದರೆ ಅವತ್ತಿನ ಆ ಪ್ರದರ್ಶನ ಅವರದ್ದು. ಕಾಯ್ದೆಯ 38ನೇ ಕಲಂ ಪ್ರದರ್ಶಕರಿಗೆ ಬೇರೆಯೇ ಹಕ್ಕು ಕೊಡುತ್ತದೆ: ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಜಗತ್ತಿಗೆ ಹಂಚುವ ಹಾಗಿಲ್ಲ. ಸಿನಿಮಾ ಕಂಪನಿಯ ನೋಟಿಸಿಗೆ ಹೆದರುವ ನಾವು ಬಡ ಕಲಾವಿದರ ಹಕ್ಕನ್ನು ಸಲೀಸಾಗಿ ಮರೆಯುತ್ತೇವೆ. ಅವರು ನೋಟಿಸ್ ಕಳಿಸುವುದಿಲ್ಲವಲ್ಲ.

ಒಪ್ಪಿಗೆ ಪತ್ರಕ್ಕೆ ಒಂದೇ ಹಾಳೆ ಸಾಕು. ಹೀಗೆ ಬರೆಯಿರಿ:

‘ನಾನು, (ಹೆಸರು, ಊರು), (ದಿನಾಂಕ)ದಂದು (ಶಾಲೆ)ಯಲ್ಲಿ ಮಾಡಿದ (ಪದ ಅಥವಾ ಆಟದ ಹೆಸರು) ಪ್ರದರ್ಶನವನ್ನು ಶಾಲೆಯವರು ಆಡಿಯೊ, ವಿಡಿಯೊ ರೆಕಾರ್ಡ್ ಮಾಡಲು ಒಪ್ಪಿದ್ದೇನೆ. ಅದನ್ನು ಈ ಶಾಲೆಯ ಮಕ್ಕಳಿಗೆ ತೋರಿಸಲು: ಹೌದು / ಇಲ್ಲ. ಬೇರೆ ಶಾಲೆಗಳಿಗೆ ಕೊಡಲು: ಹೌದು / ಇಲ್ಲ. ಯೂಟ್ಯೂಬಿನಂಥ ಕಡೆ ಎಲ್ಲರಿಗೂ ಸಿಗುವಂತೆ ಹಾಕಲು: ಹೌದು / ಇಲ್ಲ. ಹಾಕಿದ ಕಡೆಯೆಲ್ಲ ನನ್ನ ಮತ್ತು ಮೇಳದವರ ಹೆಸರು ಇರಬೇಕು. ಅದರಿಂದ ದುಡ್ಡು ಬಂದರೆ ನನ್ನ ಪಾಲು: (ಬರೆಯಿರಿ). ನಾನು ಪಡೆದ ಸಂಭಾವನೆ: (ಬರೆಯಿರಿ).’

ಮೂರು ಪ್ರಶ್ನೆಯನ್ನು ಬೇರೆ ಬೇರೆ ಇಟ್ಟದ್ದು ಬೇಕೆಂದೇ. ಶಾಲೆಗೆ ಒಪ್ಪಿ ಯೂಟ್ಯೂಬಿಗೆ ಒಪ್ಪದ ಕಲಾವಿದರು ಎಷ್ಟೋ ಜನ ಇದ್ದಾರೆ. ಪುಕ್ಕಟೆ ಸಿಕ್ಕರೆ ಮುಂದಿನ ಊರಿನವರು ಕರೆಯುವುದಿಲ್ಲ ಎಂಬುದು ಅವರ ಲೆಕ್ಕ. ಅದು ಸರಿಯಾದ ಲೆಕ್ಕವೇ. ಓದಲು ಬಾರದವರಿಗೆ ಇಬ್ಬರ ಎದುರು ನಿಧಾನವಾಗಿ ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಮೇಳದಲ್ಲಿ ಹಿಮ್ಮೇಳದವರು, ಡಿಮ್ಮಿ ಬಾರಿಸುವವರು ಇದ್ದರೆ ಅವರ ಸಹಿಯೂ ಬೇಕು. ಒಂದು ಪ್ರತಿ ಅವರ ಕೈಗೆ ಕೊಡಿ, ವಿಡಿಯೊದ ಪ್ರತಿಯನ್ನೂ ಅವರ ಮನೆಯವರ ಫೋನಿಗೆ ಹಾಕಿಕೊಡಿ.

ಹಂತ 9: ನೀವೇ ಮಾಡಿದ ಪಾಠ ಯಾರದ್ದು?

ಇದನ್ನು ಕೇಳುವವರು ಕಡಿಮೆ. ನೀವು ನಿಮ್ಮ ಬಿಡುವಿನಲ್ಲಿ, ನಿಮ್ಮ ಫೋನಿನಲ್ಲಿ, ಸ್ವಂತ ಆಸೆಗೆ ಮಾಡಿದ ವಿಡಿಯೊ ನಿಮ್ಮದು. ಆದರೆ ಇಲಾಖೆಯ ಆದೇಶದ ಮೇಲೆ, ಒಒಡಿ (ಅನ್ಯಕಾರ್ಯ ನಿಮಿತ್ತ ಅನುಮತಿ) ಪಡೆದು, ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಕುಳಿತು ಮಾಡಿದ್ದರೆ 17ನೇ ಕಲಂ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದು. ಖಾಸಗಿ ಶಾಲೆಯವರು ನೇಮಕಾತಿ ಪತ್ರದ ಷರತ್ತು ತೆಗೆದು ಓದಿ. ಹಕ್ಕು ಬೇರೆಯವರದ್ದಾದರೂ, ಮಾಡಿದವರು ನೀವು ಎಂದು ಹೆಸರು ಕೇಳುವ ಅಧಿಕಾರ 57ನೇ ಕಲಮಿನಲ್ಲಿ ನಿಮಗೇ ಉಳಿದಿರುತ್ತದೆ.

ವಿಡಿಯೊ ನಿಮ್ಮದೇ ಎಂದಾದರೆ ಏರಿಸುವಾಗ ಲೈಸೆನ್ಸ್ ಜಾಗದಲ್ಲಿ ‘ಕ್ರಿಯೇಟಿವ್ ಕಾಮನ್ಸ್ – ಅಟ್ರಿಬ್ಯೂಶನ್’ ಆರಿಸುವ ಬಗ್ಗೆ ಯೋಚಿಸಿ. ಆರಿಸುವ ಮುಂಚೆ ಒಳಗಿರುವ ಪ್ರತಿ ಚಿತ್ರ, ಪ್ರತಿ ದನಿ ನಿಮ್ಮದೋ ಅಥವಾ ಹಾಗೆ ಹಂಚಲು ಬಿಟ್ಟದ್ದೋ ಎಂದು ಮೊದಲಿಂದ ಕೊನೆಯವರೆಗೆ ಒಂದು ಸಲ ನೋಡಿ. ಕಲಾವಿದರ ಭಾಗ ಇದ್ದು, ಅವರು ಒಪ್ಪಿಗೆ ಪತ್ರದ ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂದಿದ್ದರೆ ಆ ಭಾಗ ತೆಗೆದು ಏರಿಸಿ.